ಭಾಷಣ ಸಾಕು, ಲೆಕ್ಕ ಕೊಡಿ

ಮೊನ್ನೆ ಅಕ್ಕನ ಮಗ ಓದೋ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆ. ಅವತ್ತೇ ಅಲ್ಲಿ ಕುಡಿತದ ವಿರುದ್ಧ ಜಾಗೃತಿ ಕಾರ್ಯಕ್ರಮ. ಶಾಲು, ಹಾರ, ಪರದೆ ಮೇಲೆ ಕೆಟ್ಟುಹೋದ ಲಿವರ್ ಚಿತ್ರ, ಎಲ್ಲಾ ಇತ್ತು. ಮುಖ್ಯ ಅತಿಥಿಗಳು "ಈಗಿನ ಹುಡುಗರೆಲ್ಲಾ ಕುಡುಕರಾಗಿಬಿಟ್ಟಿದ್ದಾರೆ" ಅಂತ ಮುಕ್ಕಾಲು ಗಂಟೆ ಗುಡುಗಿದರು. ಹಿಂದಿನ ಬೆಂಚಿನವರು ಮೊಬೈಲ್ ನೋಡ್ತಾ ಕೂತಿದ್ದರು. ವಾಪಸ್ ಬರುವಾಗ ಅಕ್ಕನ ಮಗ ಹೇಳಿದ, "ಮಾಮ, ನಮ್ ಕ್ಲಾಸಲ್ಲಿ ಕುಡೀದೇ ಇರೋನು ನಾನೊಬ್ನೇ ಅನ್ಸುತ್ತೆ."

ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಕುಡಿತ ಬಿಡಿಸೋಕೆ ಬಂದವರು, ಕುಡಿಯದ ಹುಡುಗನಿಗೆ "ನೀನೇ ಬೇರೆ" ಅಂತ ಹೇಳಿ ಹೋಗಿದ್ದರು.

ನಾನೂ ಹಾಸ್ಟೆಲ್‌ನಲ್ಲಿದ್ದೆ. ಇಡೀ ಬ್ಲಾಕೇ ಕುಡಿಯುತ್ತೆ ಅಂದುಕೊಂಡು ನಾನೂ ಶುರು ಮಾಡಿದವನು. ಎಷ್ಟೋ ವರ್ಷದ ಮೇಲೆ ಹಳೇ ಗೆಳೆಯರೆಲ್ಲ ಸೇರಿದಾಗ ರೂಮಿನ ಮೇಲೆ ರೂಮು ಎಣಿಸಿದೆವು. ಕುಡೀತಿದ್ದವರು ಹತ್ತೋ ಹನ್ನೆರಡೋ ಜನ! ಕುಡಿದವನು ಕೂಗ್ತಾನೆ, ಕುಡಿಯದವನು ಬಾಗಿಲು ಹಾಕಿ ಮಲಗಿರ್ತಾನೆ. ನಮಗೆ ಕೇಳಿಸಿದ್ದು ಕೂಗು ಮಾತ್ರ.

ಇದು ನನ್ನೊಬ್ಬನ ಅನುಭವ ಅಲ್ಲ. 1986ರಲ್ಲೇ ಅಮೆರಿಕದಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ ಎಂಬಿಬ್ಬರು ಇದನ್ನು ತೋರಿಸಿದ್ದರು. ಕುಡಿತದ ವಿಷಯದಲ್ಲಿ ಉಳಿದವರು ನಿಜಕ್ಕೂ ಇರೋದಕ್ಕಿಂತ ಹೆಚ್ಚು ಸಡಿಲ ಅಂತ ವಿದ್ಯಾರ್ಥಿಗಳು ನಂಬಿರ್ತಾರೆ. ನಮ್ಮ ದೇಶದ ಲೆಕ್ಕ ಬೇಕೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು 19. ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. "ಎಲ್ಲರೂ" ಎಲ್ಲಿದ್ದಾರೆ ಸ್ವಾಮಿ?

ಹಾಗಾದರೆ ಏನು ಮಾಡಬೇಕು? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಮತ್ತು ಸಂಗಡಿಗರು 'ಬೇಸಿಕ್ಸ್' ಅಂತ ಒಂದು ಕ್ರಮ ರೂಪಿಸಿದರು. ವಿದ್ಯಾರ್ಥಿ ತನ್ನ ಕುಡಿತದ ವಿವರ ತಾನೇ ಕೊಡ್ತಾನೆ. ಆಮೇಲೆ ಅವನ ಕೈಗೆ ಅವನದೇ ಲೆಕ್ಕದ ಹಾಳೆ: ವಾರಕ್ಕೆ ಎಷ್ಟು, ಓರಗೆಯವರ ಜೊತೆ ಹೋಲಿಸಿದರೆ ಎಲ್ಲಿ, ರಕ್ತದಲ್ಲಿ ಎಷ್ಟು ಏರಿತ್ತು, ಏನೇನು ಅನಾಹುತ ಆಯ್ತು. ಪಕ್ಕದಲ್ಲಿ ಕೂತವರು ಬೈಯಲ್ಲ, ಆಣೆ ಮಾಡಿಸಲ್ಲ. "ಇದನ್ನ ನೋಡಿ ನಿನಗೇನನ್ಸುತ್ತೆ?" ಅಂತ ಕೇಳ್ತಾರೆ, ಅಷ್ಟೇ.

ಲೆಕ್ಕದಿಂದ ಏನಾಗುತ್ತೆ ಅಂತೀರಾ? ನನ್ನ ರೂಮ್‌ಮೇಟ್ ಕಥೆ ಕೇಳಿ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಒಂದು ಕ್ವಾರ್ಟರ್ ವಿಸ್ಕಿ, ಒಂದು ಸ್ಟ್ರಾಂಗ್ ಬಿಯರ್. ಐದು ತಾಸು ನಿದ್ದೆ. "ಎಲ್ಲಾ ಇಳಿದಿದೆ ಮಗಾ" ಅಂತ ಏಳೂವರೆಗೆ ಬೈಕ್ ಹತ್ತಿದ, ಇಂಟರ್ನಲ್ಸ್ ಬರೆಯೋಕೆ. ಡಿವೈಡರ್‌ಗೆ ಗುದ್ದಿದ. ಇವತ್ತಿಗೂ ಎಡಗಾಲು ಎಳೆದು ನಡೀತಾನೆ.

180 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. 650 ಎಂ.ಎಲ್. ಸ್ಟ್ರಾಂಗ್ ಬಿಯರಿನಲ್ಲಿ ಇನ್ನೊಂದು 40. ಒಟ್ಟು ನೂರು. ದೇಹ ಕರಗಿಸೋದು ಗಂಟೆಗೆ ಹೆಚ್ಚುಕಮ್ಮಿ 8-10 ಗ್ರಾಂ. ಅಂದರೆ ಹತ್ತು ತಾಸಿಗೂ ಮೇಲೆ ಬೇಕು! ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಬೇಗ ಇಳಿಯಲ್ಲ. ಈ ಕೂಡೋದು ಕಳೆಯೋದನ್ನ ಇಂಜಿನಿಯರಿಂಗ್ ಓದ್ತಿದ್ದ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರ ನಮಗೆ ಸಿಕ್ಕಿದ್ದು ವಾರ್ಡನ್ ಭಾಷಣ.

"ಲೆಕ್ಕ ಹೇಳಿಕೊಟ್ಟರೆ ಕುಡಿಯೋಕೆ ಪರ್ಮಿಷನ್ ಕೊಟ್ಟಂಗಲ್ವಾ?" ಅಂತ ಕೆಲವರು ಕೇಳ್ತಾರೆ. ಕುಡಿಯೋನು ನಿಮ್ಮ ಪರ್ಮಿಷನ್ನಿಗೆ ಕಾಯ್ತಾ ಕೂತಿಲ್ಲ ಬಿಡಿ. ಗಟ್ಟಿಯಾದ ಆಕ್ಷೇಪ ಬೇರೆ ಇದೆ. 2015ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹತ್ತಾರು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಬೇರೆಯವರ ಕುಡಿತದ ನಿಜಸ್ಥಿತಿ ತಿಳಿಸುವ ಇಂಥ ಕ್ರಮಗಳಿಂದ ಆಗೋ ಲಾಭ ತೀರಾ ಸಣ್ಣದು ಅಂತ ಹೇಳಿತು. ಒಪ್ಪಿದೆ. ಇದು ಮಂತ್ರದಂಡ ಅಲ್ಲ. ಆದರೆ ಒಂದು ಹಾಳೆ, ಒಂದು ಗಂಟೆ ಮಾತು, ಇದಕ್ಕೆ ಶಾಲು ಹಾರದಷ್ಟೂ ಖರ್ಚಿಲ್ಲ. ಆ ಪ್ರಯೋಗಗಳನ್ನಾದರೂ ಅಳೆದು ನೋಡಿದ್ದಾರೆ. ನಮ್ಮ ಭಾಷಣಗಳಿಂದ ಒಬ್ಬ ಹುಡುಗನಾದರೂ ಒಂದು ಪೆಗ್ ಕಮ್ಮಿ ಮಾಡಿದನಾ ಅಂತ ಕಾಲೇಜಿನವರು ಯಾವತ್ತಾದರೂ ಕೇಳಿದ್ದಾರಾ?

ಕಾಲೇಜಿನವರಿಗೆ ನನ್ನ ಬೇಡಿಕೆ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ 'ಆಡಿಟ್' ಪಟ್ಟಿ ಇದೆ. ಹೆಸರು ಕೇಳದೆ ತುಂಬಿಸಿ. ನಿಮ್ಮ ಕಾಲೇಜಿನ ನಿಜವಾದ ಅಂಕಿ ಹೊರಗೆ ಬರಲಿ. ಆಮೇಲೆ ಬೇಕು ಅಂದವನಿಗೆ ಅವನ ಹಾಳೆ ಗುಟ್ಟಾಗಿ ಕೊಡಿ. ಅದು ಪ್ರಿನ್ಸಿಪಾಲರ ಟೇಬಲ್ಲಿಗೂ ಹೋಗಬಾರದು, ಅಪ್ಪನ ಫೋನಿಗೂ ಹೋಗಬಾರದು. ಶಿಕ್ಷೆ ಇದೆ ಅಂದರೆ ಯಾರೂ ನಿಜ ಬರೆಯಲ್ಲ. ಬಿಡೋಕೆ ಆಗದಷ್ಟು ಅಂಟಿಕೊಂಡವನಿಗೆ ಮಾತ್ರ ಹಾಳೆ ಸಾಲದು, ಡಾಕ್ಟರೇ ಬೇಕು. ಸರ್ಕಾರದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ದುಡ್ಡು ಕೇಳದೆ ದಾರಿ ಹೇಳ್ತಾರೆ.

ಅಕ್ಕನ ಮಗನಿಗೆ ಆ ನೂರಕ್ಕೆ 19ರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನೊಬ್ನೇ ಅಲ್ಲ ಅಲ್ವಾ ಮಾಮ?" ಅಂದ.

ಅಲ್ಲ ಕಣೋ. ನೀನೊಬ್ಬನೇ ಅಲ್ಲ.