ಕ್ರೀಡಾಂಗಣದ ಜಯವೂ ಜೀವನದ ನಿರ್ವಾಹವೂ

ಶಾಲೆಯ ಆಟಪಾಟಗಳ ವಿಷಯದಲ್ಲಿ ತಂದೆತಾಯಿಗಳಿಂದ ನಮಗೆ ಎರಡು ವಿಧವಾದ ಕೋರಿಕೆಗಳು ಬರುತ್ತಿರುವುವು. ಪಾಠದಲ್ಲಿ ಹಿಂದುಳಿದ ಬಾಲಿಕೆಯನ್ನು ಆಟದಿಂದ ಬಿಡಿಸಬೇಕೆಂದು ಕೆಲವರು ಕೇಳಿಕೊಳ್ಳುವರು. ಆಟದಲ್ಲಿ ಹೆಸರು ಗಳಿಸಿದವಳಿಗೆ ಪಾಠದ ಹೊರೆಯನ್ನು ತಗ್ಗಿಸಬೇಕೆಂದು ಮತ್ತೆ ಕೆಲವರು ಕೇಳಿಕೊಳ್ಳುವರು. ಎರಡೂ ಮಕ್ಕಳ ಮೇಲಣ ಪ್ರೀತಿಯಿಂದಲೇ ಹುಟ್ಟಿದ ಕೋರಿಕೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎರಡನ್ನೂ ನಾವು ಒಪ್ಪಲಾರೆವು. ಇದಕ್ಕೆ ನಿದರ್ಶನವಾಗಿ ಅಮೆರಿಕಾ ದೇಶದ ಟೆನ್ನಿಸ್ ಆಟಗಾರ್ತಿ ಆಲ್ತಿಯಾ ಗಿಬ್ಸನ್ ಎಂಬಾಕೆಯ ಜೀವನವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಈಕೆಯು 1927ನೆಯ ಆಗಸ್ಟ್ 25ರಂದು ದಕ್ಷಿಣ ಕ್ಯಾರೋಲಿನಾ ಪ್ರಾಂತದ ಸಿಲ್ವರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ತಂದೆತಾಯಿಗಳು ಕಪ್ಪು ಜನಾಂಗದವರು. ಹತ್ತಿಯ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದವರು. ಕುಟುಂಬವು ಜೀವನೋಪಾಯವನ್ನು ಹುಡುಕಿಕೊಂಡು ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗಕ್ಕೆ ಬಂದು ನೆಲಸಿತು. ಅಲ್ಲಿ ಮಕ್ಕಳ ಆಟಕ್ಕೆಂದು ಗಾಡಿಗಳ ಸಂಚಾರವನ್ನು ತಡೆದಿದ್ದ ಬೀದಿಯಲ್ಲಿ ಆಕೆ ಮರದ ದಾಂಡನ್ನು ಹಿಡಿದು ಆಡಲು ಕಲಿತಳು. 1939ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಆ ಆಟದಲ್ಲಿ ನಗರಕ್ಕೆಲ್ಲ ಮೊದಲಿಗಳಾದಳು. ನೆರೆಹೊರೆಯವರು ತಮ್ಮತಮ್ಮಲ್ಲೇ ಚಂದಾ ಎತ್ತಿ ಆಕೆಯನ್ನು ಟೆನ್ನಿಸ್ ಕ್ಲಬ್ಬೊಂದಕ್ಕೆ ಸೇರಿಸಿದರು. ಶಾಲೆಯಾದರೋ ಆಕೆಗೆ ರುಚಿಸಲಿಲ್ಲ. ತಪ್ಪಿಸಿಕೊಂಡು ತಿರುಗುವುದೇ ಹೆಚ್ಚಾಗಿ, ಕೊನೆಗೆ ಓದನ್ನು ಅರ್ಧದಲ್ಲಿಯೇ ಬಿಟ್ಟುಬಿಟ್ಟಳು.

ಬಿಟ್ಟುಹೋದ ಶಾಲೆಗೆ ಆಕೆಯನ್ನು ಮರಳಿ ಕರೆತಂದುದು ಟೆನ್ನಿಸ್ ಆಟವೇ ಎಂಬುದನ್ನು ವಾಚಕರು ಗಮನಿಸಬೇಕು. 1946ರಲ್ಲಿ ಆಕೆಯ ಆಟವನ್ನು ಕಂಡ ಹ್ಯೂಬರ್ಟ್ ಈಟನ್ ಮತ್ತು ವಾಲ್ಟರ್ ಜಾನ್ಸನ್ ಎಂಬ ಇಬ್ಬರು ವೈದ್ಯರು ಆಕೆಯ ಪೋಷಣೆಯ ಹೊಣೆಯನ್ನು ಹೊತ್ತರು. ಆಕೆ ಶಾಲೆಯ ದಿನಗಳಲ್ಲಿ ವಿಲ್ಮಿಂಗ್ಟನ್ ನಗರದ ಈಟನ್‌ರ ಮನೆಯಲ್ಲಿಯೂ, ಬೇಸಿಗೆಯಲ್ಲಿ ಲಿಂಚ್‌ಬರ್ಗ್‌ನ ಜಾನ್ಸನ್‌ರ ಮನೆಯಲ್ಲಿಯೂ ಇರಬೇಕು. ಆಟವನ್ನು ಕಲಿಯುವುದರೊಂದಿಗೆ ಹೈಸ್ಕೂಲನ್ನೂ ಮುಗಿಸಬೇಕು ಎಂದು ಏರ್ಪಾಡಾಯಿತು. ತನಗಿಂತ ಕಿರಿಯರ ಸಂಗಡ ಹತ್ತೊಂಬತ್ತು ವರ್ಷದ ಯುವತಿಯು ಬೆಂಚಿನ ಮೇಲೆ ಕುಳಿತು ಓದುವುದು ಸುಲಭವೆ? ಆದರೂ ಆಕೆ ಓದಿದಳು. 1949ರಲ್ಲಿ ಹೈಸ್ಕೂಲು ಮುಗಿಯಿತು. 1953ರಲ್ಲಿ ಫ್ಲಾರಿಡಾ ಪ್ರಾಂತದ ಕಾಲೇಜಿನಿಂದ ಪದವಿಯೂ ದೊರೆಯಿತು. ಶಾಲೆ ತಪ್ಪಿಸಿಕೊಂಡುದಕ್ಕೆ ಶಿಕ್ಷೆಯೆಂದು ಆಕೆಯ ಕೈಯಿಂದ ದಾಂಡನ್ನು ಕಿತ್ತುಕೊಂಡಿದ್ದರೆ ಆಟವೂ ಹೋಗುತ್ತಿತ್ತು, ವಿದ್ಯೆಯೂ ಹೋಗುತ್ತಿತ್ತು.

ಇಷ್ಟಾದರೂ ದೊಡ್ಡ ಪಂದ್ಯಗಳ ಬಾಗಿಲು ಬಣ್ಣದ ಕಾರಣದಿಂದ ಮುಚ್ಚಿಯೇ ಇದ್ದಿತು. ಪೂರ್ವದಲ್ಲಿ ವಿಂಬಲ್ಡನ್ ಗೆದ್ದಿದ್ದ ಆಲಿಸ್ ಮಾರ್ಬಲ್ ಎಂಬ ಬಿಳಿಯ ಮಹಿಳೆಯು 1950ರಲ್ಲಿ ಟೆನ್ನಿಸ್ ಪತ್ರಿಕೆಯೊಂದರಲ್ಲಿ ಈ ಅನ್ಯಾಯವನ್ನು ನಿರ್ಭಯವಾಗಿ ಖಂಡಿಸಿ ಬರೆದಳು. ಅದೇ ವರ್ಷ ಗಿಬ್ಸನ್‌ಳು ಅಮೆರಿಕಾದ ರಾಷ್ಟ್ರೀಯ ಪಂದ್ಯದಲ್ಲಿಯೂ, ಮರುವರ್ಷ ವಿಂಬಲ್ಡನ್ನಿನಲ್ಲಿಯೂ ಆಡಿದಳು. ಜಯವು ಕೂಡಲೇ ಬರಲಿಲ್ಲ. ಪದವಿಯಾದ ಮೇಲೆ ಕಾಲೇಜೊಂದರಲ್ಲಿ ವ್ಯಾಯಾಮ ಶಿಕ್ಷಣವನ್ನು ಬೋಧಿಸುತ್ತ, ಟೆನ್ನಿಸನ್ನೇ ಬಿಟ್ಟು ಸೈನ್ಯದ ಮಹಿಳಾ ದಳಕ್ಕೆ ಸೇರಲು ಯೋಚಿಸುತ್ತಿದ್ದಳು. ಅಷ್ಟರಲ್ಲಿ 1955ರಲ್ಲಿ ಅಮೆರಿಕಾ ಸರ್ಕಾರವು ಆಕೆಯನ್ನು ಇತರ ಆಟಗಾರರೊಡನೆ ಏಷ್ಯಾ ಖಂಡದ ಪ್ರವಾಸಕ್ಕೆ ಕಳುಹಿಸಿತು. ನಮ್ಮ ಭಾರತಕ್ಕೂ ಆಕೆ ಬಂದಳು. ಆಂಜೆಲಾ ಬಕ್ಸ್‌ಟನ್ ಎಂಬ ಆಂಗ್ಲ ಯುವತಿಯೊಡನೆ ಆಕೆಯ ಸ್ನೇಹವು ಬೆಳೆದುದು ಇಲ್ಲಿಯೇ. ಬಕ್ಸ್‌ಟನ್‌ಳು ಯೆಹೂದ್ಯಳಾದುದರಿಂದ ಆಕೆಗೂ ಕ್ಲಬ್ಬುಗಳ ಬಾಗಿಲು ಮುಚ್ಚಿದ ಅನುಭವವಿದ್ದಿತು. 1956ರಲ್ಲಿ ಇವರಿಬ್ಬರೂ ಜೊತೆಗೂಡಿ ವಿಂಬಲ್ಡನ್ನಿನ ಡಬಲ್ಸ್ ಗೆದ್ದರು. ಅದೇ ವರ್ಷ ಗಿಬ್ಸನ್‌ಳು ಫ್ರೆಂಚ್ ಸಿಂಗಲ್ಸನ್ನು ಗೆದ್ದಳು. 1957 ಮತ್ತು 1958ರಲ್ಲಿ ವಿಂಬಲ್ಡನ್ನನ್ನೂ ಅಮೆರಿಕಾದ ಪಂದ್ಯವನ್ನೂ ಎರಡೆರಡು ಬಾರಿ ಗೆದ್ದಳು. ಎರಡನೆಯ ಎಲಿಜಬೆತ್ ರಾಣಿಯವರು ತಮ್ಮ ಕೈಯಿಂದಲೇ ಬಹುಮಾನವನ್ನಿತ್ತರು; ನ್ಯೂಯಾರ್ಕಿನ ಬೀದಿಗಳಲ್ಲಿ ಆಕೆಯ ಮೆರವಣಿಗೆಯಾಯಿತು.

ಮೆರವಣಿಗೆಯ ಮರುದಿನ ಅಡಿಗೆಮನೆಯಲ್ಲಿ ಏನಿತ್ತೆಂದು ಕೇಳಬೇಕಲ್ಲವೆ? ಆ ಕಾಲದ ಟೆನ್ನಿಸಿನಲ್ಲಿ ಗೆದ್ದವರಿಗೆ ಬಟ್ಟಲೇ ಹೊರತು ಹಣವಿರಲಿಲ್ಲ. ಆದಕಾರಣ 1958ರಲ್ಲಿ ಕೀರ್ತಿಯ ಶಿಖರದಲ್ಲಿದ್ದಾಗಲೇ ಆಕೆ ಆ ಪಂದ್ಯಗಳನ್ನು ತ್ಯಜಿಸಬೇಕಾಯಿತು. ಹೊಟ್ಟೆಪಾಡಿಗಾಗಿ ಹಾಡಿದಳು, ಚಲನಚಿತ್ರವೊಂದರಲ್ಲಿ ನಟಿಸಿದಳು, ಪ್ರದರ್ಶನದ ಆಟಗಳನ್ನಾಡಿದಳು. 1964ರಲ್ಲಿ ಗಾಲ್ಫ್ ಆಟಕ್ಕೂ ಇಳಿದಳು. ದೊಡ್ಡ ಟೆನ್ನಿಸ್ ಪಂದ್ಯಗಳು ಹಣದ ಆಟಗಾರರಿಗೆ ತೆರೆದುದು 1968ರಲ್ಲಿ. ಆಗ ಆಕೆಗೆ ನಲವತ್ತು ಮೀರಿದ್ದಿತು. ಮುಂದೆ ನ್ಯೂಜೆರ್ಸಿ ಪ್ರಾಂತದಲ್ಲಿ ಕ್ರೀಡೆಗೆ ಸಂಬಂಧಪಟ್ಟ ಅಧಿಕಾರಗಳನ್ನು ವಹಿಸಿದಳು. ವೃದ್ಧಾಪ್ಯದಲ್ಲಿ ಪಾರ್ಶ್ವವಾಯುವಿನಿಂದ ಕುಗ್ಗಿ, ಮನೆಬಾಡಿಗೆಗೂ ಔಷಧಕ್ಕೂ ಹಣವಿಲ್ಲದೆ, 1990ರ ದಶಕದ ನಡುವಿನಲ್ಲಿ ಹಳೆಯ ಗೆಳತಿ ಬಕ್ಸ್‌ಟನ್‌ಳಿಗೆ ದೂರವಾಣಿಯಲ್ಲಿ ತನ್ನ ಹತಾಶೆಯನ್ನು ತೋಡಿಕೊಂಡಳು. ಆ ಗೆಳತಿಯು ತಾನೂ ನೆರವಾಗಿ, ಟೆನ್ನಿಸ್ ಪತ್ರಿಕೆಯೊಂದರ ಮೂಲಕ ಸಂಗತಿಯನ್ನು ಲೋಕಕ್ಕೆ ತಿಳಿಸಿದಳು. ನಾನಾ ದೇಶಗಳಿಂದ ಹಣವು ಹರಿದುಬಂದಿತು. 2003ನೆಯ ಸೆಪ್ಟೆಂಬರ್ 28ರಂದು ಆಕೆ ತೀರಿಕೊಂಡಳು. 2019ರಲ್ಲಿ ನ್ಯೂಯಾರ್ಕಿನ ಟೆನ್ನಿಸ್ ಮೈದಾನದ ಬಳಿ ಆಕೆಯ ಪ್ರತಿಮೆಯನ್ನು ಸ್ಥಾಪಿಸಿದರು. 2025ರಲ್ಲಿ ಅಮೆರಿಕಾದ ನಾಣ್ಯದ ಮೇಲೆ ಆಕೆಯ ರೂಪವನ್ನು ಮುದ್ರಿಸಿದರು. ಬಾಡಿಗೆಗೆ ಕಾಸಿಲ್ಲದೆ ಬಾಳಿದವಳ ರೂಪವು ಈಗ ಕಾಸಿನ ಮೇಲಿದೆ!

ವಿದ್ಯೆಯೊಂದಿದ್ದರೆ ಸಾಕು, ಕಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಪದವೀಧರೆಯಾದ ಈಕೆಯೂ ಕಷ್ಟಪಟ್ಟಳಷ್ಟೆ. ಆದರೆ ಆಟವು ನಿಂತಾಗ ಉದ್ಯೋಗವನ್ನು ಕೊಡಬಲ್ಲುದು ವಿದ್ಯೆ. ಉದ್ಯೋಗವೂ ನಿಂತಾಗ ಕೈಹಿಡಿಯಬಲ್ಲುದು ಸ್ನೇಹ. ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಅರಿಕೆಯೇನೆಂದರೆ: ಅಂಕಗಳು ಕಡಿಮೆಯಾದುವೆಂದು ಮಗಳನ್ನು ಮೈದಾನದಿಂದ ಬಿಡಿಸಬೇಡಿರಿ, ಪದಕ ಬಂದಿತೆಂದು ಪುಸ್ತಕವನ್ನೂ ಬಿಡಿಸಬೇಡಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಮಾತು. ಒಬ್ಬಳು ಗೆದ್ದಾಗ ನಮ್ಮ ಶಾಲೆ ಗೆದ್ದಿತೆಂದು ನಾವೆಲ್ಲರೂ ಹಿಗ್ಗುತ್ತೇವೆ. ಹಾಗೆ ಹಿಗ್ಗಿದವರಿಗೆಲ್ಲ ಆಕೆಯ ಋಣವಿದೆ. ನಿಮ್ಮ ಸಂಗಡ ಆಡಿದವರು ಈಗ ಎಲ್ಲಿರುವರು, ಹೇಗಿರುವರು ಎಂದು ವಿಚಾರಿಸಿರಿ. ಬಕ್ಸ್‌ಟನ್‌ಳ ಗೆಳತಿಗೆ ಕೇಳುವ ಧೈರ್ಯವಾದರೂ ಇದ್ದಿತು; ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಬಾಯಿಬಿಟ್ಟು ಕೇಳುವವರಲ್ಲ. ಪ್ರತಿಮೆಯನ್ನು ನಿಲ್ಲಿಸುವ ಶಕ್ತಿ ನಮಗಿಲ್ಲದಿದ್ದರೂ ಬದುಕಿರುವಾಗಲೇ ಒಂದು ಕಾಗದ ಬರೆಯುವ ಶಕ್ತಿ ನಮ್ಮೆಲ್ಲರಿಗೂ ಇದೆ.