ಹಕ್ಕಿ ಮಾರುವವರೇ, ಡಬ್ಬ ಕೊಟ್ಟು ಕೈ ತೊಳೆದುಕೊಳ್ಳಬೇಡಿ

ಇದನ್ನು ಬರೆಯಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಬರೆಯಲು ಕೂತರೆ ನಾಚಿಕೆ ಅಡ್ಡ ಬರುತ್ತಿತ್ತು. ಮೊನ್ನೆ ಮಟಮಟ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ತೂತು ಹೊಡೆದ ರಟ್ಟಿನ ಡಬ್ಬ ಹಿಡಿದು ನಿಂತಿದ್ದರು. ಒಳಗಿನಿಂದ ಚಿಂವ್ ಚಿಂವ್ ಸದ್ದು. ಇನ್ನು ಸುಮ್ಮನಿರೋದು ಬೇಡ ಅನ್ನಿಸಿತು.

ಕಳೆದ ವರ್ಷ ಏಪ್ರಿಲ್ ಕೊನೆ. ಮಗಳ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಜೋಡಿ ಕಾಕಟೀಲ್ ಕೊಂಡೆ. ತಲೆ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು... ಅಂಗಡಿಯವನು ಎರಡನ್ನೂ ಶೂ ಡಬ್ಬದಷ್ಟಿರುವ ರಟ್ಟಿನ ಡಬ್ಬಕ್ಕೆ ತುರುಕಿ ದಾರ ಕಟ್ಟಿಕೊಟ್ಟ. "ಚಿತ್ರದುರ್ಗಕ್ಕೆ ಹೋಗಬೇಕು, ಬಿಸಿಲು ಜೋರಿದೆ, ಏನಾದ್ರೂ ಆಗುತ್ತಾ?" ಅಂದೆ. "ಏನೂ ಆಗಲ್ಲ ಸಾರ್, ಆಸ್ಟ್ರೇಲಿಯಾ ಹಕ್ಕಿ, ಬಿಸಿಲು ಅಭ್ಯಾಸ ಇರತ್ತೆ" ಅಂದ. ನಂಬಿದೆ. ಎಸಿ ಹಾಕಿಕೊಂಡೇ ಹೊರಟೆ. ಶಿರಾ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ಗಾಜು ಎರಡು ಬೆರಳಷ್ಟು ಇಳಿಸಿ ಹೋಗಿದ್ದೆ. ಇಪ್ಪತ್ತೈದು ನಿಮಿಷ, ಅಷ್ಟೇ. ವಾಪಸ್ ಬಂದಾಗ ಒಂದು ಹಕ್ಕಿ ಸತ್ತಿತ್ತು. ಇನ್ನೊಂದು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು.

ಮನೆಗೆ ಬಂದರೆ ನಮ್ಮ ಭಾವ, "ಅಯ್ಯೋ ಹಕ್ಕಿ ತಾನೇ, ಇನ್ನೊಂದು ತಂದರಾಯ್ತು ಬಿಡಿ" ಅಂದರು. ನನ್ನ ಜಗಳ ಇರೋದು ಈ ಎರಡು ಮಾತುಗಳ ಜೊತೆ.

ಮೊದಲನೆಯದು, 'ಬಿಸಿಲಿನ ದೇಶದ ಹಕ್ಕಿ.' ನಿಜ, ಕಾಕಟೀಲ್ ಆಸ್ಟ್ರೇಲಿಯಾದ ಒಣ ಪ್ರದೇಶದ್ದೇ. ಆದರೆ ಅಲ್ಲಿ ಬಿಸಿಲು ಏರಿದಾಗ ಅದು ಮರದ ನೆರಳಿಗೆ ಹೋಗುತ್ತೆ, ನೀರಿರುವ ಕಡೆ ಹಾರುತ್ತೆ. ಬಿಸಿಲು ತಡೆಯೋದು ಅಂದರೆ ಬಿಸಿಲಿನಿಂದ ತಪ್ಪಿಸಿಕೊಳ್ಳೋದು! ಡಬ್ಬದೊಳಗೆ ಎಲ್ಲಿಗೆ ಹೋಗಬೇಕು? ಹಕ್ಕಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಮುಖ್ಯವಾಗಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಗಾಳಿಯಾಡದ ಡಬ್ಬದಲ್ಲಿ ಅದರ ಉಸಿರಿನ ತೇವವೇ ಅದಕ್ಕೆ ಶತ್ರು. ಇಗ್ವಾನಾಕ್ಕೂ ಇದೇ ಕಥೆ. ಬಿಸಿಲು ಕಾಯಿಸಿಕೊಳ್ಳುವ ಪ್ರಾಣಿಯೇ, ಆದರೆ ಸಾಕಾದಾಗ ನೆರಳಿಗೆ ಸರಿಯುತ್ತೆ. ಅಲಂಕಾರದ ಮೀನಿನ ಕವರ್ ಬಿಸಿಯಾದರೆ ನೀರಿನಲ್ಲಿ ಉಳಿಯುವ ಆಮ್ಲಜನಕವೇ ಕಡಿಮೆ.

ಇನ್ನು ಕಾರಿನ ಗಾಜು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಏರಿತ್ತು. ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಸ್ವಲ್ಪ ಇಳಿಸಿದ್ದರಿಂದ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ನನ್ನ ಎರಡು ಬೆರಳಿನ ಕರುಣೆಗೆ ಅಷ್ಟೇ ಬೆಲೆ.

ಎರಡನೆಯದು, 'ಇನ್ನೊಂದು ತಂದರಾಯ್ತು.' ಈ ಮಾತು ಇರುವವರೆಗೂ ರಟ್ಟಿನ ಡಬ್ಬ ಇರುತ್ತೆ. ಕಾನೂನು ಇಲ್ಲ ಅಂತಲ್ಲ. 2018ರ ನಿಯಮದಂತೆ ಅಂಗಡಿಗೆ ನೋಂದಣಿ ಬೇಕು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸನ್ ಕನ್ಯೂರ್‌ನಂಥ ಹಕ್ಕಿ ಸಾಕಿದರೆ ಅದನ್ನೂ ನೋಂದಾಯಿಸಬೇಕು. ಒಳ್ಳೆಯದೇ. ಆದರೆ ಕಾಗದ ಫೈಲಿನಲ್ಲಿ ಭದ್ರವಾಗಿ ಹೋಗುತ್ತೆ, ಹಕ್ಕಿ ಮಾತ್ರ ಡಬ್ಬದಲ್ಲಿ ಬೇಯುತ್ತೆ. ಸಾವಿರಾರು ರೂಪಾಯಿಯ ಪಂಜರ ಮಾರುವವನು "ಹೇಗೆ ಹೋಗ್ತೀರಿ? ಎಷ್ಟು ಹೊತ್ತಿನ ದಾರಿ?" ಅಂತ ಯಾಕೆ ಕೇಳಲ್ಲ? ಎಲ್ಲ ಕಡೆ ಗಾಳಿಕಿಂಡಿ ಇರುವ ಗಟ್ಟಿ ಕ್ಯಾರಿಯರ್ ಇಲ್ಲದಿದ್ದರೆ ಹಕ್ಕಿ ಕೊಡಲ್ಲ ಅಂತ ಯಾಕೆ ಹೇಳಲ್ಲ? ವ್ಯಾಪಾರ ಹಾಳಾಗುತ್ತಂತೆ. ಹಾಳಾಗಲಿ ಬಿಡಿ!

ಪರದೇಶದ ಪ್ರಾಣಿ ಸಾಕಲೇಬೇಡಿ ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಥವಿದೆ. ಆದರೆ ಈಗಾಗಲೇ ಡಬ್ಬದಲ್ಲಿರುವ ಹಕ್ಕಿಗೆ ಆ ವಾದ ನೆರಳು ಕೊಡಲ್ಲ.

ತರಲೇಬೇಕು ಅಂತಿದ್ದರೆ ಇಷ್ಟಾದರೂ ಮಾಡಿ. ಬೆಳಗಿನ ಜಾವ ಪ್ರಯಾಣ ಮಾಡಿ. ಕಾರನ್ನು ಮೊದಲು ತಂಪು ಮಾಡಿ, ಆಮೇಲೆ ಕ್ಯಾರಿಯರ್ ಇಡಿ. ಡಿಕ್ಕಿಯಲ್ಲಿ ಬೇಡ, ಬಿಸಿಲು ಬೀಳುವ ಸೀಟಿನಲ್ಲಿ ಬೇಡ, ಎಸಿ ಗಾಳಿಗೆ ನೇರವಾಗಿಯೂ ಬೇಡ. ಸೌತೆಕಾಯಿ ಹೋಳು ಇಟ್ಟರೆ ನೀರು ಚೆಲ್ಲುವ ತಾಪತ್ರಯ ಇರಲ್ಲ, ಆದರೆ ನಿಲ್ಲಿಸಿದಾಗಲೆಲ್ಲ ನೀರು ತೋರಿಸಿ. ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದಿದ್ದರೆ ಅದು ಕೂಗಿ ಹೇಳುತ್ತಿದೆ ಅಂತ ತಿಳಿಯಿರಿ. ತಂಪು ಜಾಗಕ್ಕೆ ಒಯ್ದು ಕಾಲಿಗೆ ತಣ್ಣೀರು ತಾಕಿಸಿ (ಐಸ್ ನೀರಲ್ಲ), ಪಶುವೈದ್ಯರಿಗೆ ಫೋನ್ ಮಾಡಿ. ಊಟಕ್ಕೆ ನಿಂತರೆ ಒಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಇರಿ. ಒಬ್ಬರೇ ಇದ್ದರೆ ಕ್ಯಾರಿಯರ್ ಜೊತೆಗೇ ಇಳಿಯಲಿ. ಅದಾಗದಿದ್ದರೆ ಊಟ ಬಿಡಿ. ನಾನು ಬಿಡಲಿಲ್ಲ.

ಉಳಿದ ಹಕ್ಕಿ ನಮ್ಮನೆಯಲ್ಲಿದೆ. ಜೊತೆಗೆ ಇನ್ನೊಂದು ತರೋಣ ಅಂತ ಮಗಳು ಕೇಳಿದಾಗ "ಮಳೆ ಬರಲಿ ಪುಟ್ಟಾ" ಅಂದೆ. "ಅವತ್ತೂ ಕಾಯಬಹುದಿತ್ತಲ್ಲಪ್ಪಾ" ಅಂದಳು.

ಅವಳಿಗೆ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯವರೇ, ನಿಮ್ಮ ಹತ್ತಿರ ಇದ್ದರೆ ಹೇಳಿ.