ಸರಳ ಫೋನು, ಸ್ಪಷ್ಟ ಅಕ್ಷರ, ತೆರೆದ ಬಾಗಿಲು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಸುಸ್ಥಿತಿಯಲ್ಲಿರುವ ಗಣಕವನ್ನು ಗುಜರಿಗೆ ಹಾಕಲೊಪ್ಪದೆ ಲಿನಕ್ಸ್ ಅಳವಡಿಸಿಕೊಂಡವರ ಮುಂದೆ ಈಗ ಮತ್ತೊಂದು ಪ್ರಶ್ನೆಯಿದೆ: ಈ ಗಣಕದೊಡನೆ ಹೊಂದಿಕೊಳ್ಳುವ, ವಯಸ್ಸಾದ ಕಣ್ಣಿಗೂ ಕಾಣುವ ಸರಳ ಫೋನು ಯಾವುದು?

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಫೋನಿನ ಬ್ಯಾಟರಿಗಳಲ್ಲಿ ಬಳಕೆಯಾಗುವ ಕೋಬಾಲ್ಟ್‌ನ ಬಹುಪಾಲು ಬರುವುದು ಕಾಂಗೋ ದೇಶದ ಗಣಿಗಳಿಂದ. 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಾಗ ನೆಮ್ಮದಿಯ ಉಸಿರು ಬಿಟ್ಟವರು ನಾವು. ಎರಡು ವರ್ಷಕ್ಕೊಂದು ಫೋನು ಬದಲಿಸುತ್ತ ಇನ್ನೊಬ್ಬರ ನೆಲವನ್ನು ಅಗೆಸುವುದು ನಮಗೆ ಶೋಭೆಯೇ?

ಮೊದಲು ಓದುವಿಕೆಯ ಮಾತು. 2006ರಲ್ಲಿ ಬಂದ ಮೋಟೊರೋಲಾದ 'ಮೋಟೋಫೋನ್ ಎಫ್3' ವಿದ್ಯುನ್ಮಾನ ಕಾಗದದ ಪರದೆ ಹೊಂದಿತ್ತು. ಸುಡುಬಿಸಿಲಿನಲ್ಲೂ ಅಂಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಒಂದು ಸಾಲಿನಲ್ಲಿ ಮೂಡುತ್ತಿದ್ದುದು ಆರೇ ಅಕ್ಷರ. ಸಂದೇಶ ಓದುವುದು ಪ್ರಯಾಸವೇ ಆಗಿತ್ತು. ಕಾಣುವುದು ಬೇರೆ, ಓದಲಾಗುವುದು ಬೇರೆ. ಆದ್ದರಿಂದ ಅಂಗಡಿಯಲ್ಲಿಯೇ ಒತ್ತಕ್ಷರ, ಅರ್ಕಾವತ್ತುಗಳಿರುವ ಕನ್ನಡ ಸಂದೇಶವೊಂದನ್ನು ತರಿಸಿ ನೋಡಿರಿ. ಅಕ್ಷರದ ಬದಲು ಚೌಕಗಳು ಮೂಡಿದರೆ ಆ ಫೋನು ನಮ್ಮದಲ್ಲ. ಬಳಿಕ ಅದನ್ನೇ ಹೊರಗಿನ ಬಿಸಿಲಿನಲ್ಲಿ ಓದಿರಿ.

ಎರಡನೆಯದು ಲಿನಕ್ಸ್. ಆಂಡ್ರಾಯ್ಡ್ ಹಾಗೂ 2017ರ ಜಿಯೋಫೋನಿನಲ್ಲಿದ್ದ ಕೈಒಎಸ್, ಎರಡರ ತಳದಲ್ಲಿಯೂ ಲಿನಕ್ಸ್ ಇದೆ. ಅಷ್ಟರಿಂದಲೇ ಹೊಂದಾಣಿಕೆ ಸಿದ್ಧಿಸದು. ನೋಡಬೇಕಾದದ್ದು ಇಷ್ಟು: ಯುಎಸ್‌ಬಿ ತಂತಿ ಜೋಡಿಸಿದರೆ, ಕಂಪನಿಯ ತಂತ್ರಾಂಶದ ಹಂಗಿಲ್ಲದೆ, ಫೋನಿನ ಕಡತಗಳು ಗಣಕದಲ್ಲಿ ತೆರೆಯುತ್ತವೆಯೇ? ಹೆಸರು, ನಂಬರುಗಳನ್ನು 'ವಿಸಿಎಫ್' ಕಡತವಾಗಿ ಹೊರತೆಗೆಯಬಹುದೇ? ಮೆಮೊರಿ ಕಾರ್ಡ್ ಹಾಕಿ ತೆಗೆಯಲು ಸಾಧ್ಯವೇ? ಹಿಂದಿನ ನೋಕಿಯಾ ಫೋನುಗಳ 'ಪಿಸಿ ಸೂಟ್' ವಿಂಡೋಸ್‌ಗೆಂದೇ ಸಿದ್ಧವಾಗಿತ್ತು. ನಮ್ಮ ಮಾಹಿತಿ ಹೊರಬರುವ ಬಾಗಿಲಿನ ಕೀಲಿ ಮತ್ತೊಬ್ಬರ ಕೈಯಲ್ಲಿದ್ದರೆ, ಫೋನು ನಮ್ಮದೆನ್ನುವುದು ಹೆಸರಿಗಷ್ಟೇ.

ಮೂರನೆಯದು ಬಾಳಿಕೆ. ಬ್ಯಾಟರಿಯನ್ನು ಉಗುರಿನಿಂದಲೇ ತೆಗೆಯುವಂತಿರಲಿ. ನಿಮ್ಮೂರಿನಲ್ಲಿ ಸಿಗುವ ಜಾಲವನ್ನು ವಿಚಾರಿಸಿಕೊಳ್ಳಿರಿ. ಜಿಯೋ ಜಾಲದಲ್ಲಿ 2ಜಿ ಮಾತ್ರವಿರುವ ಕೀಪ್ಯಾಡ್ ಫೋನು ಕೆಲಸ ಮಾಡದು. ಅಗ್ಗವೆಂದು ತಂದದ್ದು ಮರುದಿನವೇ ಕಸವಾಗಬಾರದು.

ಮಾದರಿಯೊಂದರ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳನ್ನು 7 ವರ್ಷ ಒದಗಿಸಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿದೆ. ನಮ್ಮ ದೇಶದ 2022ರ ಇ-ತ್ಯಾಜ್ಯ ನಿಯಮಗಳು ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅದು ಸ್ವಾಗತಾರ್ಹ, ಆದರೆ ಫೋನು ಕಸವಾದ ಮೇಲಿನ ಮಾತು. ಕಸವಾಗುವುದನ್ನೇ ಮುಂದೂಡುವ ಕಾನೂನಿಗಾಗಿ ನಾವು ಒತ್ತಾಯಿಸಬೇಕಾಗಿದೆ. ಅಲ್ಲಿಯವರೆಗೆ ಅಂಗಡಿಯ ಮುಂದೆ ನಿಂತು ಈ ಪ್ರಶ್ನೆಗಳನ್ನು ಕೇಳುವುದೂ, ಸಮರ್ಪಕ ಉತ್ತರ ದೊರೆಯದಿದ್ದರೆ ಹಳೆಯ ಫೋನನ್ನೇ ದುರಸ್ತಿ ಮಾಡಿಸಿಕೊಳ್ಳುವುದೂ ನಮ್ಮ ಕೈಯಲ್ಲಿದೆ.